ಹೊತ್ತಲ್ಲದ ಹೊತ್ತಿನ ಒಡಪು

ತಿಕೋಟಾ
26 ಜೂನ್ 1960

ಪ್ರೀತಿಯ ರೀ,

ಹೀಗೆ ಶುರು ಮಾಡಿದ್ದಕ್ಕೆ ನಗಬೇಡಿ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲೆಕ್ಟರಿಗೆ, ಹೆಡ್‌ಮಿಸ್ಟ್ರೆಸ್‌ಗೆ, ಕಾಯಿಲೆ ಬಿದ್ದ ಚಿಕ್ಕಮ್ಮನಿಗೆ ಪತ್ರ ಬರೆಯುವುದನ್ನೆಲ್ಲ ಕಲಿಸಿದರು. ಗಂಡನಿಗೆ ಬರೆಯುವುದೊಂದನ್ನು ಬಿಟ್ಟರು. ಪಾಪ, ಅವರಿಗಾದರೂ ಹೇಗೆ ಗೊತ್ತಿರಬೇಕು! ಅದೂ ಕನ್ನಡದಲ್ಲಿ! ಒತ್ತಕ್ಷರ ತಪ್ಪಿದ್ದರೆ ಅದು ಪ್ರೀತಿಯ ಅವಸರ ಎಂದುಕೊಳ್ಳಿ.

ನಿಮ್ಮ ಹೆಸರಿನಿಂದಲೇ ಶುರು ಮಾಡೋಣವೆಂದರೆ ಅತ್ತೆ ಎದುರಿಗೇ ಶೇಂಗಾ ಸುಲಿಯುತ್ತ ಕೂತಿದ್ದಾರೆ. ಅವರಿಗೆ ಓದಲು ಬರುವುದಿಲ್ಲ, ಆದರೆ ನನ್ನ ಮುಖ ಓದಲು ಚೆನ್ನಾಗಿ ಬರುತ್ತದೆ.

"ಹೆಸರ ಬರೀಬ್ಯಾಡ ನಮ್ಮವ್ವ. ಗಂಡನ ಹೆಸರಂದ್ರ ಅವನ ಆಯುಷ್ಯ ಇದ್ದಂಗ. ಸುಮ್ಮಸುಮ್ಮನ ಖರ್ಚ ಮಾಡಬಾರ್ದು."

"ಲಕೋಟಿ ಮ್ಯಾಲೆ ಬರೀದಿದ್ರ ಹೆಂಗ ಮುಟ್ಟತೈತ್ರಿ ಅತ್ತೀ?"

"ಆ ಊರಾಗ ಟೇಸನ್ ಮಾಸ್ತರ ಏನ್ ಸಂತಿಗೆ ಬಂದಷ್ಟು ಮಂದಿ ಅದಾರೇನ? ಹುದ್ದೆ ಬರಿ, ಮುಟ್ಟತೈತಿ."

ಹಾಗಾಗಿ ಲಕೋಟೆಯ ಮೇಲೆ 'ಅಸಿಸ್ಟೆಂಟ್ ಸ್ಟೇಷನ್ ಮಾಸ್ತರರು, ಮಲ್ಲಾಪುರ' ಎಂದಷ್ಟೇ ಬರೆದಿದ್ದೇನೆ. ಎಷ್ಟು ಗತ್ತಾಗಿ ಕಾಣುತ್ತದೆ ನೋಡಿ!

ಆ ಹೊಸ್ತಿಲಿನ ಪ್ರಕರಣ ನೀವು ಮರೆತಿರಬಹುದು. ತಿಕೋಟಾ ಮರೆತಿಲ್ಲ. ಮದುವೆ ಮುಗಿಸಿ ಬಂದ ದಿನ ನಿಮ್ಮ ಪರಸವ್ವಕ್ಕ ಬಾಗಿಲಿಗೆ ಅಡ್ಡ ನಿಂತು "ಹೆಸರ ಹೇಳಿ ಒಳಗ ಬಾ" ಎಂದಾಗ, ನಾನು ಕ್ಲಾಸಿನಲ್ಲಿ ಹಾಜರಿ ಕರೆದಂತೆ "ಯಲಗೂರಪ್ಪ!" ಎಂದುಬಿಟ್ಟೆನಲ್ಲ. ಹೆಸರನ್ನು ಎರಡು ಸಾಲಿನ ಪ್ರಾಸದಲ್ಲಿ ಹುದುಗಿಸಿ ಹೇಳಬೇಕು, ಅದಕ್ಕೆ ಒಡಪು ಎನ್ನುತ್ತಾರೆ, ಒಡಪು ಬರದ ಸೊಸೆ ಉಪ್ಪಿಲ್ಲದ ಸಾರಿನಂತೆ ಎಂದು ನನಗೆ ಯಾರು ಹೇಳಿದ್ದರು? ಅವತ್ತು ನೀವು ಟೊಪ್ಪಿಗೆ ಸರಿ ಮಾಡಿಕೊಳ್ಳುವ ನೆಪದಲ್ಲಿ ನಕ್ಕಿರಿ. ನಾನು ನೋಡಿದೆ.

ಈಗ ಅತ್ತೆಯ ಹುಕುಂ ಏನೆಂದರೆ, ನೀವು ಮುಂದಿನ ಸಲ ಮನೆಗೆ ಬಂದಾಗ ಅದೇ ಹೊಸ್ತಿಲಿನಲ್ಲಿ ನಿಮ್ಮ ಪಕ್ಕದಲ್ಲಿ ನಿಂತು ನಾನು ಒಡಪು ಹೇಳಬೇಕು. ಸ್ವಂತದ್ದು. ಇಲ್ಲಿನ ಹೆಂಗಸರದೆಲ್ಲ ಒಂದೇ ಮಾದರಿ. 'ಹೋಳಿಗಿ ಮ್ಯಾಲ ಹಾಕೀನಿ ತುಪ್ಪ, ನಮ್ಮ ಮನಿಯವರ ಹೆಸರು ಇಂಥಪ್ಪ.' ಊರಿನ ಅರ್ಧ ಗಂಡಸರ ಹೆಸರು 'ಪ್ಪ'ದಿಂದ ಮುಗಿಯುವುದರಿಂದ ಊರ ತುಪ್ಪವೆಲ್ಲ ಒಡಪಿಗೇ ಖರ್ಚು. ನನಗೆ ತುಪ್ಪ ಬೇಡ. ಹೊಸದು ಬೇಕು.

ಹೊಸದು ಬರುತ್ತದೆ ರೀ, ಬರುವುದಿಲ್ಲ ಎಂದಲ್ಲ. ಆದರೆ ಬರುವ ಹೊತ್ತು ನೋಡಿ! ರೊಟ್ಟಿ ಬಡಿಯುವಾಗ ಒಂದು ಸಾಲು ಬರುತ್ತದೆ, ಎಂಥ ಸಾಲು! ಕೈ ತುಂಬ ಹಿಟ್ಟು, ಹಂಚಿನ ಮೇಲೆ ರೊಟ್ಟಿ. ಕೈ ತೊಳೆದು ಪೆನ್ಸಿಲ್ ಹುಡುಕುವಷ್ಟರಲ್ಲಿ ಸಾಲೂ ಹೋಗಿರುತ್ತದೆ, ರೊಟ್ಟಿಯೂ ಕರಕಲಾಗಿರುತ್ತದೆ. ತಲೆಗೆ ಎರೆದುಕೊಳ್ಳುವಾಗ ಬರುತ್ತದೆ, ಕಣ್ಣಲ್ಲಿ ಸೀಗೆಕಾಯಿ. ಎಮ್ಮೆ ಹಿಂಡುವಾಗ ಬರುತ್ತದೆ, ನಾನು ಕೈ ನಿಲ್ಲಿಸಿದೆನೆಂದು ಎಮ್ಮೆ ಕಾಲು ಎತ್ತುತ್ತದೆ. ಒಮ್ಮೆ ಜಾಣತನ ಮಾಡಿ ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟೆ. ಮಧ್ಯಾಹ್ನ ಅತ್ತೆ ಗೋಡೆ ಸಾರಿಸಿದರು. ಇನ್ನು ಪೆನ್ನು ಹಿಡಿದು, ಹಾಳೆ ಹರವಿ, 'ಬಾ' ಎಂದು ಕೂತರೆ ಒಂದು ಅಕ್ಷರವೂ ಬರುವುದಿಲ್ಲ.

ಮನೆಯಲ್ಲಿ ನಿಮ್ಮದು ಎನ್ನುವುದು ಗೂಟಕ್ಕೆ ತೂಗಿದ ಹಳೆಯ ಕೋಟು ಒಂದೇ. ನಿನ್ನೆ ಅದರ ಕಿಸೆಯಲ್ಲಿ ಎರಡು ಶೇಂಗಾ ಸಿಕ್ಕವು. ತಿನ್ನಲೋ ಇಡಲೋ ತಿಳಿಯಲಿಲ್ಲ. ಒಂದು ತಿಂದೆ.

ನಿಮ್ಮ ಧ್ವನಿ ಮರೆತುಹೋಗುತ್ತಿದೆ ಎಂದು ಒಮ್ಮೊಮ್ಮೆ ಹೆದರಿಕೆ. ಮದುವೆಯಾದ ಮೇಲೆ ನೀವು ಮಾತಾಡಿದ್ದಾದರೂ ಎಷ್ಟು?

ಅತ್ತೆಗೆ ಓದಲು ಬಾರದ ಕಾರಣ ಧೈರ್ಯವಾಗಿ ಬರೆಯುತ್ತಿರುವ,
ನಿಮ್ಮದೇ ಪ್ರಾಣ,
ಗುರುಬಾಯಿ


ಮಲ್ಲಾಪುರ ಸ್ಟೇಷನ್
9 ಜುಲೈ 1960

ಚಿ. ಸೌ. ಗುರುಬಾಯಿಗೆ ಅನೇಕ ಆಶೀರ್ವಾದಗಳು.

ಪತ್ರ ಮುಟ್ಟಿತು. ನಾನು ಕ್ಷೇಮ. ಇಲ್ಲಿ ಮಳೆ ಇಲ್ಲ.

ಈ ತಿಂಗಳ ಕೊನೆಗೆ ನನ್ನನ್ನು ಹೊಳೆಆಲೂರಿಗೆ ಕಳಿಸುತ್ತಾರೆ. ರಿಲೀವಿಂಗ್ ಎಂದರೆ ಹೀಗೆಯೇ. ರಜೆ ಹೋದವರ ಕುರ್ಚಿಯಲ್ಲಿ ಕೂಡ್ರುವುದು, ಅವರು ಬಂದರೆ ಏಳುವುದು. ಅಲ್ಲಿಯವರದು ದೀರ್ಘ ರಜೆ. ದೀಪಾವಳಿಯವರೆಗೆ ಅಲ್ಲಿಯೇ ಇರುತ್ತೇನೆ ಎಂದು ಕಾಣುತ್ತದೆ.

ಶೇಂಗಾ ಬಹಳ ಹಳೆಯವು. ತಿನ್ನಬಾರದಿತ್ತು.

ಒಡಪಿನ ವಿಷಯ ನನಗೆ ತಿಳಿಯದು. ಅವ್ವ ಸಿಟ್ಟು ಮಾಡಿದರೆ ಸುಮ್ಮನಿರು. ರೊಟ್ಟಿ ಸುಟ್ಟರೆ ಸುಡಲಿ.

ಯಲಗೂರಪ್ಪ


ಬಬಲೇಶ್ವರ
18 ಆಗಸ್ಟ್ 1960

ಪ್ರೀತಿಯ ರೀ,

ಆಶೀರ್ವಾದ ಸಾಕು. ನೀವೇನು ನನ್ನ ಅಜ್ಜನೇ? 'ರೊಟ್ಟಿ ಸುಟ್ಟರೆ ಸುಡಲಿ' ಎಂಬ ಮಾತನ್ನು ಮಾತ್ರ ಎಷ್ಟು ಸಲ ಓದಿದೆನೆಂದರೆ ಆ ಜಾಗದಲ್ಲಿ ಕಾಗದ ಮೆತ್ತಗಾಗಿದೆ.

ಪರಸವ್ವಕ್ಕನ ಕುಬಸಕ್ಕೆಂದು ಅತ್ತೆಯೂ ನಾನೂ ಬಬಲೇಶ್ವರಕ್ಕೆ ಬಂದಿದ್ದೇವೆ. ಅಕ್ಕ ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ಇಟ್ಟು, ಬಸುರಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಹಾರಾಣಿಯ ಹಾಗೆ ಕೂತಿದ್ದಳು. ಉಡಿ ತುಂಬಿದ ಮೇಲೆ ಹೆಂಗಸರೆಲ್ಲ ಸುತ್ತ ಕೂತು ಒಬ್ಬೊಬ್ಬರಾಗಿ ಒಡಪು ಹೇಳತೊಡಗಿದರು. ತುಪ್ಪ, ತುಪ್ಪ, ಮತ್ತೆ ತುಪ್ಪ. ನನ್ನ ಸರದಿ ಬರಬಾರದೆಂದು ಅಡುಗೆಮನೆ ಸೇರಿ ಸವತಿಕಾಯಿ ಹೆಚ್ಚುತ್ತ ಕೂತೆ.

ಆಗಲೇ ಬಂತು ರೀ! ಎರಡೂ ಸಾಲು ಒಟ್ಟಿಗೆ, ಪ್ರಾಸದ ಸಮೇತ! ಈ ಸಲ ಕಳೆದುಕೊಳ್ಳುವುದಿಲ್ಲ ಎಂದು ಕೈಯಲ್ಲಿ ಸವತಿಕಾಯಿಯ ತುಂಡು ಹಿಡಿದುಕೊಂಡೇ ಪಡಸಾಲೆಗೆ ಓಡಿ, ನಡುವೆ ನಿಂತು, ಕಾನ್ವೆಂಟಿನಲ್ಲಿ ರೆಸಿಟೇಷನ್ ಹೇಳುವ ಹಾಗೆ ಗದ್ದ ಎತ್ತಿ ಹೇಳಿದೆ. (ಒಡಪಿನ ಒಳಗಾದರೆ ಹೆಸರು ಬರೆಯಬಹುದಂತೆ.)

ಹಿತ್ತಲ ಬಳ್ಳಿಯೊಳಗ ಎಳೀ ಸವತಿ,
ಯಲಗೂರಪ್ಪನವರ ಮನಿಗೆ ನಾನ ಒಡತಿ!

ಪಕ್ಕದ ಮನೆಯ ದುಂಡವ್ವ ಶುರು ಮಾಡಿದಳು.

"ಒಬ್ಬಾಕಿ ಹಿತ್ತಲದಾಗ, ಒಬ್ಬಾಕಿ ಪಡಸಾಲ್ಯಾಗ! ಯಲಗೂರನ ದೈವಾ ದೊಡ್ಡದು ಬಿಡ್ರೆವ್ವಾ!"

"ಅದೂ ಎಳೀದಂತ! ಈಕಿನ್ನೂ ಕೈಯಾನ ಅರಿಷಿಣಾ ತೊಳಕೊಂಡಿಲ್ಲ, ಅಷ್ಟರಾಗ!"

"ನಗಸಬ್ಯಾಡ್ರೇ ಯವ್ವಾ, ಇಲ್ಲೇ ಹಡೀತೀನಿ ನಾ!" ಎಂದು ಪರಸವ್ವಕ್ಕ ಹೊಟ್ಟೆ ಹಿಡಿದುಕೊಂಡು ವಾಲಿದಳು.

ನಾನು ಎಲ್ಲರೊಂದಿಗೆ ನಗುತ್ತ ನಿಂತಿದ್ದೆ, ಒಡಪು ಮೆಚ್ಚಿದ್ದಾರೆ ಎಂದುಕೊಂಡು! ಆಮೇಲೆ ಅಕ್ಕ ಕಿವಿಯಲ್ಲಿ ಹೇಳಿದಳು, ಸವತಿ ಎಂದರೆ ಗಂಡ ಕಟ್ಟಿಕೊಂಡ ಇನ್ನೊಬ್ಬ ಹೆಂಡತಿ ಎಂದು. ನನಗೇನು ಗೊತ್ತು ರೀ? ನನ್ನ ಪಾಲಿಗೆ ಅದು ಕೋಸಂಬರಿ ಮಾಡುವ ಕುಕುಂಬರ್, ಅಷ್ಟೇ. 'ಕಾಯಿ' ಬಿಟ್ಟದ್ದು ಪ್ರಾಸಕ್ಕಾಗಿ!

ಅತ್ತೆ ಒಬ್ಬರೇ ನಗಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ನನ್ನನ್ನು ಪಕ್ಕಕ್ಕೆ ಕೂಡ್ರಿಸಿಕೊಂಡರು.

"ಗಂಡನ ಹೆಸರಿನ ಜೋಡಿ ಆಡಿದ ಮಾತು ಗಾಳಿಗೆ ಹೋಗೂದಿಲ್ಲ ಮಗಳ. ಎಲ್ಲೆರ ಹೋಗಿ ಕುಂದರತೈತಿ. ಯಲಗೂರ ಬರ್ಲಿ. ಅವನ ಬಾಜೂಕ ನಿಂತು, ಅಂವ ಕೇಳೂ ಹಂಗ, ಇದನ್ನ ತೊಳಿಯೂವಂಥಾದ್ದು ಇನ್ನೊಂದು ಹೇಳು. ಅಲ್ಲೀತನಾ ಇದ ನಿಂತಿರತೈತಿ."

ನಾನು ಇದನ್ನೆಲ್ಲ ನಂಬುವುದಿಲ್ಲ. ಇದು ಸುಪರ್‌ಸ್ಟಿಷನ್, ಸಿಸ್ಟರ್ ಕೇಳಿದ್ದರೆ ಕಿವಿ ಹಿಂಡುತ್ತಿದ್ದರು. ನಂಬುವುದೇ ಇಲ್ಲ. ಆದರೂ ರೀ, ನಿಮ್ಮ ಪತ್ರಗಳು ಇಷ್ಟು ಸಣ್ಣವು. ಉಳಿದದ್ದನ್ನು ಅಲ್ಲಿ ಯಾರಿಗಾದರೂ ಹೇಳುತ್ತೀರಾ?

ಕಾಯಿ ಬಿಟ್ಟು ಕೆಟ್ಟ,
ಗುರುಬಾಯಿ


ವಿಜಾಪುರ
3 ಅಕ್ಟೋಬರ್ 1960

ನನ್ನ ರೀ,

ಇದನ್ನು ಓದುವ ಮೊದಲು ಪೋರ್ಟರನನ್ನು ಆಚೆ ಕಳಿಸಿ, ಬಾಗಿಲು ಮುಂದೆ ಮಾಡಿಕೊಳ್ಳಿ.

ಆಗಸ್ಟಿನ ಪತ್ರಕ್ಕೆ ನೀವು ಬರೆದ ಉತ್ತರದಲ್ಲಿ 'ಸವತಿಕಾಯಿ ಇಲ್ಲಿಯೂ ಅಗ್ಗ' ಎಂದಷ್ಟೇ ಇತ್ತು. ಅದು ತಮಾಷೆಯೋ, ಬಜಾರದ ವರ್ತಮಾನವೋ? ನಾನು ನಿಮ್ಮ ಹತ್ತಿರ ಇದ್ದಿದ್ದರೆ ತುಟಿ ನೋಡಿ ಹೇಳುತ್ತಿದ್ದೆ. ಕಾಗದಕ್ಕೆ ತುಟಿಯಿಲ್ಲ.

ದಸರೆ ಮುಗಿಸಿ ತವರಿಗೆ ಬಂದೆ. ಅಪ್ಪನ ರೈಲ್ವೆ ಕ್ವಾರ್ಟರ್ಸಿನ ಕಿಟಕಿಯಿಂದ ಎಲ್ಲ ಗಾಡಿಗಳೂ ಕಾಣುತ್ತವೆ. ಗದಗಿನ ಕಡೆಯಿಂದ ಬರುವ ಗಾಡಿ ನೋಡಿದರೆ, ಇದು ಬೆಳಿಗ್ಗೆ ನಿಮ್ಮನ್ನು ನೋಡಿ ಬಂದಿದೆ ಎಂದು ಹೊಟ್ಟೆಕಿಚ್ಚು. ನಿಮ್ಮ ಕೈಯಿಂದ ಮುಂದೆ ಹೋಗಲು ಅಪ್ಪಣೆಯ ಟೋಕನ್ ಇಸಿದುಕೊಂಡ ಡ್ರೈವರು ಇಲ್ಲಿ ನಲ್ಲಿಯ ಹತ್ತಿರ ಮುಖ ತೊಳೆಯುತ್ತಾನೆ. ಹೋಗಿ ಅವನ ಕೈ ನೋಡಬೇಕೆನಿಸುತ್ತದೆ.

ಈಗ ಮುಖ್ಯ ವಿಷಯ. ನಮ್ಮ ಮೊದಲ ದೀಪಾವಳಿ. ಅಳಿಯನನ್ನು ಕರೆಯುವ ಪತ್ರವನ್ನು ಅಪ್ಪ ತಾನೇ ಬರೆಯುತ್ತೇನೆ ಎಂದರು. ನಾನು ಬಿಡಲಿಲ್ಲ. ನನ್ನ ಗಂಡನನ್ನು ನಾನೇ ಕರೆಯುತ್ತೇನೆ! ಆದ್ದರಿಂದ ಇದೇ ಕರೆ ಎಂದು ತಿಳಿಯಿರಿ. ಅಪ್ಪ, ಅವ್ವ, ನಾನು, ಎಲ್ಲರೂ ಕರೆಯುತ್ತಿದ್ದೇವೆ. ನರಕ ಚತುರ್ದಶಿಗೆ ಇಲ್ಲಿ ಎಣ್ಣೆ ನೀರು, ಅಮಾವಾಸ್ಯೆಗೆ ತಿಕೋಟಾದಲ್ಲಿ ಹೊಸ್ತಿಲು. ಆಡಿದ ಮಾತು ಎಲ್ಲಾದರೂ ಹೋಗಿ ಕೂಡ್ರುತ್ತದೆ ಎಂದಿದ್ದಾರೆ ಅತ್ತೆ, ಆ ಸವತಿಯನ್ನು ತೊಳೆಯಬೇಕಲ್ಲ!

ಒಡಪುಗಳು ಬರುತ್ತಲೇ ಇವೆ, ಹೊತ್ತಲ್ಲದ ಹೊತ್ತಿನಲ್ಲಿ. ನಿನ್ನೆ ದೇವರ ಮುಂದೆ ಊದಿನಕಡ್ಡಿ ಹಚ್ಚುವಾಗ ನಿಮ್ಮ ಎಡಗಿವಿಯ ಹಿಂದಿನ ಮಚ್ಚೆಯ ಮೇಲೆ ಒಂದು ಬಂತು. ದೇವರ ಮುಂದೆ! ಗಟ್ಟಿಯಾಗಿ ಹೇಳುವಂಥದ್ದಲ್ಲ ಅದು. ನೀವು ಬಂದರೆ ಆ ಮಚ್ಚೆಯ ಹತ್ತಿರವೇ ಹೇಳುತ್ತೇನೆ.

ಬನ್ನಿ. ಬಾರದಿದ್ದರೆ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಬಹುಶಃ ಏನೂ ಮಾಡುವುದಿಲ್ಲ, ಕಿಟಕಿಯಲ್ಲಿ ಕೂತಿರುತ್ತೇನೆ.

ಅಡಿಯಿಂದ ಮುಡಿಯವರೆಗೆ ನಿಮ್ಮವಳಾದ,
ಗುರುಬಾಯಿ


ಆಲಮಟ್ಟಿ ಸ್ಟೇಷನ್
10 ಅಕ್ಟೋಬರ್ 1960

ಗುರುಬಾಯಿಗೆ,

ಕ್ಷೇಮ. ಹೊಳೆಆಲೂರಿನವರು ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಬಂದರು. ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ.

ಮೊದಲ ದೀಪಾವಳಿಗೆ ನಿಮ್ಮ ಮನೆಯಿಂದ ಕರೆ ಬರಲಿಲ್ಲ. ಏನಾದರೂ ಅಡಚಣೆ ಇರಬೇಕು. ನಾನು ತಪ್ಪು ತಿಳಿದಿಲ್ಲ. ಆದರೆ ಕರೆಯದೆ ಬರುವ ರೂಢಿ ನಮ್ಮಲ್ಲಿ ಇಲ್ಲ. ಹಬ್ಬಕ್ಕೆ ರಜೆ ಕೇಳಿದವರು ಬಹಳ ಇದ್ದರು. ನನಗೆ ಬೇಡ ಎಂದು ಬರೆದುಕೊಟ್ಟೆ.

ಸಂಜೆ ಇಲ್ಲಿ ಹೊಳೆಯ ಗಾಳಿ ಚೆನ್ನಾಗಿ ಬೀಸುತ್ತದೆ.

ಯಲಗೂರಪ್ಪ


ಹೊಳೆಆಲೂರು ಸ್ಟೇಷನ್
10 ಅಕ್ಟೋಬರ್ 1960

ತಂಗಿ ಗುರುಬಾಯಿಗೆ, ದಾದಾಸಾಬನ ಸಲಾಂ.

ನಾನು ಯಾರೆಂದು ನಿಮಗೆ ತಿಳಿಯದು. ನಾನು ಹೊಳೆಆಲೂರಿನ ಅಸಿಸ್ಟೆಂಟ್ ಸ್ಟೇಷನ್ ಮಾಸ್ತರ. ಇದೇ ಎಲ್ಲ ಅನರ್ಥಕ್ಕೆ ಕಾರಣ.

ಯಲಗೂರಪ್ಪನವರು ನನ್ನ ರಜೆಗೆ ಬಂದವರು. ನಾನು ಬೇಗ ಮರಳಿದ್ದರಿಂದ ಅವರು ಆಲಮಟ್ಟಿಗೆ ಹೋದರು. ಮೊನ್ನೆ ಒಂದು ಲಕೋಟೆ ಬಂತು. ಹೆಸರಿಲ್ಲ, ಹುದ್ದೆ ಮಾತ್ರ. ಮೇಲಿನ ಸಾಹೇಬರ ಕಾಗದ ಇರಬೇಕೆಂದು ಎದ್ದು ನಿಂತು ಒಡೆದೆ. 'ನನ್ನ ರೀ' ಎಂದು ಶುರುವಾಗಿತ್ತು. ಸಾಹೇಬರು ನನ್ನನ್ನು ಎಂದೂ ಹಾಗೆ ಕರೆದವರಲ್ಲ.

ಪೋರ್ಟರನನ್ನು ಆಚೆ ಕಳಿಸಿ ಎಂದು ಓದಿ, ಗುಟ್ಟಿನ ಹುಕುಂ ಎಂದು ತಿಳಿದು, ಕಳಿಸಿಯೂ ಬಿಟ್ಟೆ. ಅಷ್ಟರಲ್ಲಿ ಊಟದ ಬುತ್ತಿ ಹಿಡಿದು ನನ್ನ ಹೆಂಡತಿ ರಾಜಬಿ ಒಳಗೆ ಬಂದಳು. ಮುಂದಿನದು ನಿಮಗೆ ಹೇಗೆ ಬರೆಯಲಿ? "ಯಾರಿವಳು ಗುರುಬಾಯಿ?" ಎಂದಳು. ನಿಮ್ಮ ಅತ್ತೆಯವರು ಹೇಳಿದ್ದು ನಿಜ ತಂಗಿ. ಆಡಿದ ಮಾತು ಎಲ್ಲಿಯೋ ಹೋಗಿ ಕೂಡ್ರುತ್ತದೆ. ನಿಮ್ಮ ಆ ಸವತಿ ಅರ್ಧ ದಿನ ನಮ್ಮ ಮನೆಯಲ್ಲಿ ಇದ್ದು ಹೋದಳು. ಕಡೆಗೆ ರಾಜಬಿ ನನ್ನ ಎಡಗಿವಿ ಮಡಚಿ ನೋಡಿ, ಮಚ್ಚೆ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಊಟ ಹಾಕಿದಳು. ಕ್ಷಮಿಸಬೇಕು, ಅಷ್ಟು ತನಕ ಓದದೆ ನನಗೂ ಉಪಾಯವಿರಲಿಲ್ಲ. ಮಚ್ಚೆಯ ಮುಂದೆ ಓದಿಲ್ಲ. ರಾಜಬಿ ಓದಿದಳು, ಓದಿ ಅತ್ತಳು. ಅವಳೂ ನನ್ನ ಹೆಸರು ಹೇಳುವವಳಲ್ಲ. 'ಸೈಫುದ್ದೀನನ ಅಬ್ಬಾ' ಎನ್ನುತ್ತಾಳೆ.

ನಿಮ್ಮ ಪತ್ರವನ್ನು ಬೇರೆ ಲಕೋಟೆಯಲ್ಲಿಟ್ಟು ಇವತ್ತೇ ಆಲಮಟ್ಟಿಗೆ ಕಳಿಸಿದ್ದೇನೆ. ಆದರೆ ಅವರು ಹಬ್ಬಕ್ಕೆ ರಜೆ ಬೇಡ ಎಂದು ಬರೆದುಕೊಟ್ಟಿದ್ದಾರೆಂದು ಫೋನಿನಲ್ಲಿ ಕೇಳಿದೆ. ಎಲ್ಲರ ರಜೆಗೆ ಅವರು ಹೋಗುತ್ತಾರೆ, ಅವರ ರಜೆಗೆ ಯಾರು? ನಮ್ಮ ಮನೆಯಲ್ಲಿ ಈ ಹಬ್ಬವಿಲ್ಲ. ಸಾಹೇಬರು ಒಪ್ಪಿದರೆ ನಾನೇ ಆಲಮಟ್ಟಿಗೆ ಹೋಗಿ ಕೂಡ್ರುತ್ತೇನೆ. ಕೇಳಿದ್ದೇನೆ, ಇನ್ನೂ ಹೂಂ ಎಂದಿಲ್ಲ.

ನಿಮ್ಮ ಅಣ್ಣನೆಂದು ತಿಳಿಯಿರಿ,
ದಾದಾಸಾಬ


ವಿಜಾಪುರ
13 ಅಕ್ಟೋಬರ್ 1960

ರೀ,

ನಿಮ್ಮ ಕಾರ್ಡೂ ದಾದಾಸಾಬಣ್ಣನ ಪತ್ರವೂ ಒಂದೇ ಟಪಾಲಿನಲ್ಲಿ ಬಂದವು. ಮೊದಲು ನಿಮ್ಮದನ್ನು ಓದಿದೆ. ಅಡುಗೆಮನೆಯಲ್ಲಿ ನಿಂತೇ ಓದಿದೆ, ನಿಂತೇ ಇದ್ದೆ. ಕರೆ ಬರಲಿಲ್ಲವಂತೆ! ಕರೆಯುವುದೊಂದನ್ನು ಬಿಟ್ಟು ಮತ್ತೇನನ್ನೂ ಮಾಡದೆ ಈ ತಿಂಗಳು ಕಳೆದವಳು ನಾನು!

ಅಪ್ಪನಿಗೆ ಹೇಳಿದರೆ ಹಣೆ ಬಡಿದುಕೊಂಡರು. "ಹುಚ್ಚಿ, ರೇಲ್ವೆದವನ ಮಗಳಾಗಿ ಇಷ್ಟ ತಿಳೀಲಿಲ್ಲೇನ ನಿನಗ? ಕುರ್ಚಿಗೆ ಬರದ್ರ ಕುರ್ಚ್ಯಾಗ ಕುಂತಾವ ಓದ್ತಾನ!"

ಹೊಳೆಆಲೂರಿನಲ್ಲಿ ಒಬ್ಬ ಹೆಣ್ಣುಮಗಳು ನನ್ನ ದೆಸೆಯಿಂದ ಗಂಡನ ಕಿವಿ ಮಡಚಿ ನೋಡಿದಳಲ್ಲ, ಅದನ್ನು ನೆನೆದರೆ ನಗು, ನಾಚಿಕೆ ಎರಡೂ ಒಟ್ಟಿಗೆ. ಅವಳಿಗೆ ಒಂದು ಜೋಡಿ ಬಳೆ ಕಳಿಸುತ್ತೇನೆ.

ಈ ಲಕೋಟೆಯ ಮೇಲೆ ನಿಮ್ಮ ಹೆಸರು ಪೂರ್ತಿ ಬರೆದಿದ್ದೇನೆ. 'ಲ' ಸೊಟ್ಟಗಾಗಿದೆ. ಆಯುಷ್ಯ ಖರ್ಚಾದರೆ ನನ್ನದರಲ್ಲಿ ಹಿಡಿದುಕೊಳ್ಳಲಿ ಎಂದು ದೇವರಿಗೆ ಹೇಳಿದ್ದೇನೆ.

ಇವತ್ತು ತಮಾಷೆ ಬರುತ್ತಿಲ್ಲ. ನೀವು ಸಿಟ್ಟಾದರೂ ಮಾಡಿದ್ದರೆ ಚೆನ್ನಾಗಿತ್ತು. 'ತಪ್ಪು ತಿಳಿದಿಲ್ಲ' ಎಂದು ಬರೆದು, ಹೊಳೆಯ ಗಾಳಿಯ ಸುದ್ದಿ ಬರೆದಿರಿ. ಆ ಗಾಳಿಯಲ್ಲಿ ಒಬ್ಬರೇ ಕೂತು ನೀವು ಏನು ತಿಳಿದುಕೊಂಡಿರಿ ಎಂದು ನನಗೆ ಗೊತ್ತಾಗುತ್ತಿದೆ. ಹಾಗೆ ತಿಳಿಯಬೇಡಿ. ಬನ್ನಿ.

ಗುರುಬಾಯಿ


ತಿಕೋಟಾ
23 ಅಕ್ಟೋಬರ್ 1960

ಪ್ರೀತಿಯ ರೀ,

ದಾದಾಸಾಬಣ್ಣನ ಪುಣ್ಯದಿಂದ ನೀವು ಬಂದ ಆ ಮೂರು ದಿನಗಳ ಬಗ್ಗೆ ನಾನು ಏನನ್ನೂ ಬರೆಯುವುದಿಲ್ಲ. ಬರೆದರೆ ಮುಗಿದುಹೋಗುತ್ತದೆ. ಬೆಳಗಿನ ಗಾಡಿಯಿಂದ ಇಳಿದ ನಿಮ್ಮ ಮೀಸೆಯ ಮೇಲೆಲ್ಲ ಕಲ್ಲಿದ್ದಲ ಪುಡಿ ಇತ್ತು. ಅಷ್ಟು ಬರೆದರೆ ಸಾಕು.

ಹೊಸ್ತಿಲಿನ ಮಾತು ಮಾತ್ರ ಹೇಳಬೇಕು. ಅಮಾವಾಸ್ಯೆಯ ಸಂಜೆ, ಹೆರಿಗೆಗೆಂದು ಇಲ್ಲಿಗೆ ಬಂದಿರುವ ಪರಸವ್ವಕ್ಕ ದಿನ ತುಂಬಿದ ಹೊಟ್ಟೆಯನ್ನೇ ಬಾಗಿಲಿಗೆ ಅಡ್ಡ ಇಟ್ಟು ನಿಂತಾಗ, ನನ್ನ ಹತ್ತಿರ ಒಡಪು ಇರಲಿಲ್ಲ ಎಂದು ತಿಳಿಯಬೇಡಿ. ಬಸ್ಸಿನಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಆದರೆ ನಿಮ್ಮ ತೋಳು ನನ್ನ ತೋಳಿಗೆ ತಾಗಿತು ನೋಡಿ, ಒಂದೂ ಉಳಿಯಲಿಲ್ಲ. ಕೊನೆಗೆ ನನ್ನ ಬಾಯಿಂದ ಬಂದದ್ದು ಆ ಹಾಳು ತುಪ್ಪ!

"ಊರ ತುಪ್ಪಾನ ತಂದು ಸುರದಿ," ಎಂದರು ಅತ್ತೆ. "ಬಾ, ದೀಪಾ ಹಚ್ಚೂ ಹೊತ್ತಾತು. ಆದ್ರ ಇದು ಲೆಕ್ಕಕ್ಕಿಲ್ಲ."

"ಇರ್ಲಿ ಬಿಡಬೇ," ಎಂದಿರಿ ನೀವು. ಬಾಗಿಲ ಚೌಕಟ್ಟು ನೋಡುತ್ತ ಹೇಳಿದಿರಿ. ಮರುದಿನ ವಿಜಾಪುರದ ಸ್ಟೇಷನ್ನಿನವರೆಗೂ ನೀವು ಅದರ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಗಾಡಿ ಬಂತು. ನೀವು ಹತ್ತಿದಿರಿ. ನಾನು ಕರಚಿಕಾಯಿಯ ಡಬ್ಬಿ ಕೊಡುವುದನ್ನು ಮರೆತು ಅದನ್ನೇ ಅಪ್ಪಿಕೊಂಡು ನಿಂತಿದ್ದೆ. ಗಾರ್ಡು ಹಸಿರು ನಿಶಾನಿ ಬೀಸಿದ. ಗಾಲಿ ತಿರುಗಿತು. ಆಗ ಬಂತು ರೀ. ಆಗ! ಎರಡು ಸಾಲು, ಹೊಚ್ಚ ಹೊಸದು, ನನ್ನದೇ, ಎಲ್ಲವನ್ನೂ ತೊಳೆಯುವಂಥದ್ದು.

ಪೆನ್ಸಿಲ್ ಹುಡುಕಲಿಲ್ಲ. ಡಬ್ಬಿ ಸಮೇತ ಓಡಿದೆ. ನಿಮ್ಮ ಬೋಗಿಯ ಪಕ್ಕಕ್ಕೇ ಓಡುತ್ತ, ಸೆರಗು ಎಲ್ಲಿತ್ತೋ ಏನೋ, ಕೂಗಿ ಹೇಳಿದೆ. ನಿಮ್ಮ ಹೆಸರು ಸಮೇತ! ಇಡೀ ಪ್ಲಾಟ್‌ಫಾರ್ಮು ನಿಂತು ನೋಡಿತು. ಅಪ್ಪ ತೂಕದ ಯಂತ್ರದ ಹಿಂದೆ ಅಡಗಿಕೊಂಡರು. ನೀವು ಕಿಟಕಿಯಿಂದ ಅರ್ಧ ಹೊರಗೆ ಬಂದಿರಿ, ಬಾಯಿ ಆಡಿಸಿದಿರಿ. ಅಷ್ಟರಲ್ಲಿ ಎಂಜಿನ್ನು ಸೀಟಿ ಹಾಕಿತು. ಗಾಡಿ ಹೋಯಿತು. ಡಬ್ಬಿ ನನ್ನ ಕೈಯಲ್ಲೇ ಉಳಿಯಿತು.

ನಾನು ತಿಕೋಟಾಕ್ಕೆ ಮರಳುವ ಮೊದಲೇ ಸುದ್ದಿ ಇಲ್ಲಿಗೆ ಬಂದಿತ್ತು. ಅತ್ತೆ ಬಾಗಿಲಲ್ಲೇ ಕೂತಿದ್ದರು.

"ಹೊಸ್ತಿಲಾ ಬಿಟ್ಟು ಟೇಸನ್ನಿಗೆ ಹೋಗಿ ಹೇಳ್ಯಾಳ ನಮ್ಮ ಸೊಸಿ! ಏನ್ ಅಂದಿ?"

ಹೇಳಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು, ಒಲೆಯ ಹೊಗೆ ಎಂದರು. ಒಲೆ ಹೊತ್ತಿರಲಿಲ್ಲ.

"ಛಲೋ ಐತಿ," ಎಂದರು. "ಆದ್ರ ಅಂವ ಕೇಳಿದ್ರ ಲೆಕ್ಕಕ್ಕ ಬಂತು. ಕೇಳಿಲ್ಲಂದ್ರ ಇಲ್ಲ. ಬರದು ಕೇಳು."

ಬರೆದು ಕೇಳುತ್ತಿದ್ದೇನೆ. ನಿಮಗೆ ಕೇಳಿಸಿತೇ?

ಕಾಯುತ್ತಿರುವ,
ಗುರುಬಾಯಿ


ಆಲಮಟ್ಟಿ ಸ್ಟೇಷನ್
29 ಅಕ್ಟೋಬರ್ 1960

ಗುರುಬಾಯಿ,

ನಿನ್ನ ಪತ್ರ ಮುಟ್ಟಿತು. ಈ ಸಲ ಸ್ವಲ್ಪ ಉದ್ದ ಬರೆಯುತ್ತೇನೆ. ರೂಢಿ ಇಲ್ಲ, ಸಾವಕಾಶ ಓದು.

ಮೊದಲ ಸಾಲು ಪೂರ್ತಿ ಕೇಳಿಸಿತು. 'ಹಸರ ನಿಶಾನಿ ಹಿಡಿಯೂ ಕೈಗೆ ಕೆಂಪು ನಿಶಾನಿ ಕೊಡ್ರಿ.' ಎರಡನೆಯ ಸಾಲಿನಲ್ಲಿ 'ಊರೂರ ತಿರಗೂ ಯಲಗೂರಪ್ಪನವರನ್ನ' ಎಂಬಲ್ಲಿಯವರೆಗೆ ಕೇಳಿಸಿತು. ಆಮೇಲೆ ಸೀಟಿ. ಕೊನೆಯ ಮಾತು ಒಂದು ಉಳಿಯಿತು.

ಕಿಟಕಿ ಬಿಟ್ಟು ಒಳಗೆ ಕೂತಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿಡಗುಂದಿಯ ಕಡೆ ಹೊರಟಿದ್ದ ಬೋರವ್ವ ಎಂಬ ಮುದುಕಿ ಎದುರಿಗೆ ಇದ್ದಳು.

"ಏನ್ ಅಂದ್ಳೋ ಯಪ್ಪಾ ನಿನ್ನ ಹೇಣ್ತಿ? ಕಡೀ ಮಾತು 'ಹಿಡ್ರಿ' ಅಂದ್ಳು. ನಾ ಕೇಳೀನಿ."

ಕೆಂಪು ನಿಶಾನಿ ಕೊಡ್ರಿ, ಯಲಗೂರಪ್ಪನವರನ್ನ ಹಿಡ್ರಿ. ಸರಿ ಎನಿಸಿತು. ಆದರೆ ಅವಳ ಪಕ್ಕದಲ್ಲಿ ವೀಳ್ಯದೆಲೆ ಮಾರುವ ಇಸ್ಮಾಯಿಲ ಎಂಬವನಿದ್ದ. ಅವನು ಒಪ್ಪಲಿಲ್ಲ.

"ಇಲ್ಲಬೇ ಮುದುಕಿ, 'ಬಿಡ್ರಿ' ಅಂದ್ಳು! ಮಾಸ್ತರ್ನ ಬಿಡ್ರಿ, ಮನಿಗೆ ಬರ್ಲಿ ಅಂತ ರೇಲ್ವೆದವರಿಗೆ ಅಂದಾಳ ಆಕಿ."

"ನಿನ್ನ ಕಿವ್ಯಾಗ ಸುಣ್ಣಾ ತುಂಬೈತಿ! ಹೋಗಾಕತ್ತಾನ, ಹಿಡ್ರಿ ಅಂದ್ಳು."

"ಹಿಡದು ಏನ್ ಮಾಡ್ತಿ? ರಜಾ ಇಲ್ಲ. ಬಿಡ್ರಿ ಅನ್ನೂದ ಖರೆ."

ಬೋಗಿಯೆಲ್ಲ ಎರಡು ಪಂಗಡವಾಯಿತು. ಸ್ಟೇಷನ್ನಿನಲ್ಲಿ ಹೊಸಬರು ಹತ್ತಿದರೆ ಅವರಿಗೂ ಮೊದಲಿನಿಂದ ಹೇಳಿ, ನ್ಯಾಯ ಕೇಳಿದರು. ನನ್ನನ್ನು ಯಾರೂ ಕೇಳಲಿಲ್ಲ. ಇಳಿಯುವವರು ಒಬ್ಬೊಬ್ಬರೂ "ಬರ್ತೇವ್ರಿ ಯಲಗೂರಪ್ಪಾ" ಎಂದು ಇಳಿದರು. ನನ್ನ ಹೆಸರನ್ನು ಅಷ್ಟು ಜನ ಕೂಡಿ ಎಂದೂ ಕರೆದಿರಲಿಲ್ಲ. ನೀನು ಕರೆದದ್ದು ಅವರಿಗೆಲ್ಲ ರೂಢಿಯಾಗಿಬಿಟ್ಟಿತ್ತು.

ಆಲಮಟ್ಟಿಯಲ್ಲಿ ದಾದಾಸಾಬರು ಕುರ್ಚಿ ಬಿಟ್ಟು ಎದ್ದು, "ಆಯಿತೇನು ಒಡಪು?" ಎಂದು ಕೇಳಿದರು. ಆಯಿತು ಎಂದೆ. ಅವ್ವನಿಗೂ ಹಾಗೆಯೇ ಹೇಳು. ಲೆಕ್ಕಕ್ಕೆ ಬಂತು.

ಕರೆ ಬರಲಿಲ್ಲ ಎಂದು ಕಾರ್ಡು ಹಾಕಿದ ದಿನ ನಾನು ಏನು ತಿಳಿದಿದ್ದೆ ಎಂಬುದನ್ನು ಬರೆಯಲಾರೆ. ಇಂಗ್ಲಿಷ್ ಸಾಲೆ ಕಲಿತ ಹುಡುಗಿಗೆ ಈ ಊರೂರು ತಿರುಗುವವನ ಬಗ್ಗೆ ಬೇಸರ ಬಂದಿರಬೇಕು ಎಂದು. ಸಾಕು, ಅದು ಹೋಯಿತು.

ಹಿಡ್ರಿ ಎಂದೆಯೋ ಬಿಡ್ರಿ ಎಂದೆಯೋ, ಬರೆಯಬೇಡ. ಬರೆದರೆ ಕಾಗದದಲ್ಲಿ ಓದಿದ ಹಾಗಾಗುತ್ತದೆ. ನಾನೇ ಬಂದು ಕೇಳುತ್ತೇನೆ. ಯಾವಾಗ ಎಂದು ಗೊತ್ತಿಲ್ಲ.

ನಿನ್ನ,
ಯಲಗೂರಪ್ಪ

ತಾ.ಕ.: ನಿನ್ನೆ ಗಾಡಿಗೆ ಟೋಕನ್ ಕೊಡುವಾಗ ನಿನ್ನ ಹೆಸರಿಗೂ ಎರಡು ಸಾಲು ಹೊಳೆದವು. ಗಂಡಸರಿಗೆ ಯಾರೂ ಒಡಪು ಕೇಳುವುದಿಲ್ಲ, ಆದರೂ ಹೊಳೆದವು. ಒಂದು ಕೈಯಲ್ಲಿ ಟೋಕನ್, ಇನ್ನೊಂದರಲ್ಲಿ ನಿಶಾನಿ. ಗಾಡಿ ದಾಟಿದ ಮೇಲೆ ಪೆನ್ನು ತೆಗೆದು ಕೂತೆ. ನಿನ್ನ ಹೆಸರೊಂದೇ ಉಳಿದಿತ್ತು.